ಹೊಡೆದುಹಾಕಿದ ಸಾಲುಗಳು

ಸೊರಬದ ಶಾಲೆಯ ಕೆಲಸ ಬಿಟ್ಟ ಮಾರನೆಯ ದಿನ ಬೆಳಗ್ಗೆ ಹಲ್ಲುಜ್ಜುವಾಗ ನನ್ನ ಕೈ ನಡುಗಿತು. ಹಿಂದಿನ ದಿನ ಇನ್‌ಸ್ಪೆಕ್ಟರ್ ಸಾಹೇಬರ ಮೇಜಿನ ಮೇಲೆ ರಾಜೀನಾಮೆ ಕಾಗದ ಇಟ್ಟಾಗ ನಡುಗಿರಲಿಲ್ಲ. ಆಗ ಸಿಟ್ಟಿತ್ತಲ್ಲ! ನನ್ನ ಸಿಟ್ಟಿನ ಕಥೆಯೇ ಇಷ್ಟು. ಹಾಲಿನ ಹಾಗೆ ಉಕ್ಕುತ್ತದೆ, ಒಲೆಯನ್ನೂ ಕೆಡಿಸುತ್ತದೆ, ಆಮೇಲೆ ತಳದಲ್ಲಿ ಉಳಿಯುವುದು ಬರೀ ಹೆದರಿಕೆ. ಸಾಹೇಬರು ನಮ್ಮ ಶಾಲೆಯ ಬಗ್ಗೆ ಬರೆದ ವರದಿಯಲ್ಲಿ ಒಂದೇ ವಾಕ್ಯವನ್ನು ಒಂದು ಪುಟ ಎಳೆದಿದ್ದರು. ನಾನು ಅದನ್ನು ಕೆಂಪು ಶಾಯಿಯಲ್ಲಿ ಮೂರು ಸಾಲಿಗೆ ಇಳಿಸಿ ಅವರ ಕೈಗೇ ಕೊಟ್ಟಿದ್ದೆ. ಯಾರು ಕೇಳಿದ್ದರು ನನ್ನನ್ನು? ಯಾರೂ ಕೇಳಿರಲಿಲ್ಲ. ಮಾತಿಗೆ ಮಾತು ಬೆಳೆಯಿತು. "ತಿದ್ದೋ ಚಪಲ ಅಷ್ಟಿದ್ರೆ ಯಾವುದಾದ್ರೂ ಪ್ರೆಸ್ಸಿಗೆ ಹೋಗ್ರೀ" ಅಂದರು. ನಾನು ಹೋದೆ.

ಐವತ್ತರ ದಶಕ ಮುಗಿಯುತ್ತ ಬಂದ ಕಾಲ. ಸರ್ಕಾರದ ಕೆಲಸ ಸಿಕ್ಕಿದವನು ಅದನ್ನು ಬಿಡುವುದೆಂದರೆ ಹುಚ್ಚು ಹಿಡಿದಿದೆ ಎಂದೇ ಲೆಕ್ಕ. ಅಪ್ಪ ಅಮ್ಮ ಇಬ್ಬರೂ ನಾನು ಚಿಕ್ಕವನಿದ್ದಾಗಲೇ ಹೋಗಿದ್ದರಿಂದ ನನಗೆ ಬೈಯುವ ಹಕ್ಕಿದ್ದವಳು ಅಕ್ಕ ಒಬ್ಬಳೇ. ಅವಳನ್ನು ಕ್ಯಾಸನೂರಿನ ಆಚೆ, ಕಾಡಿನ ಅಂಚಿನ ಒಂದು ಹಳ್ಳಿಗೆ ಕೊಟ್ಟಿತ್ತು. ಮದುವೆಯಾಗಿ ಹೋಗುವಾಗ ಅವಳು ತನ್ನ ಟ್ರಂಕಿನ ಜೊತೆ ನನ್ನನ್ನೂ ಕರೆದುಕೊಂಡು ಹೋದಳು. ಭಾವ ಒಂದು ದಿನವೂ "ಇವನ್ಯಾಕೆ ಬಂದ" ಅನ್ನಲಿಲ್ಲ. ಅವರ ಮನೆಯ ಅನ್ನ ತಿಂದೇ ನಾನು ಓದಿ ಮಾಸ್ತರನಾದದ್ದು. ಕೆಲಸ ಬಿಟ್ಟ ಸುದ್ದಿ ಹೇಳಲು ಹೋದಾಗ ಅಕ್ಕ ಹಣೆ ಚಚ್ಚಿಕೊಂಡಳು. "ಬಾಯಿಗೆ ಬಂದ ತುತ್ತು ಚೆಲ್ಲಿ ಬಂದ್ಯಲ್ಲೋ, ನಿಂಗೆ ಎಂತ ಬಂದಿತ್ತು ಧಾಡಿ" ಎಂದು ಅತ್ತಳು.

ಭಾವ ಮಾತ್ರ ನಕ್ಕರು. "ಬಿಡೇ ಮಾರಾಯ್ತಿ. ಅವನ ಕೈ ಇರೋದೇ ತಿದ್ದೋಕೆ. ಜಗತ್ತಲ್ಲಿ ತಪ್ಪು ಬರಿಯೋರು ಕಮ್ಮಿ ಆಗ್ತಾರಾ? ಅವನಿಗೆ ಕೆಲಸ ಕಮ್ಮಿ ಆಗಲ್ಲ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಹೋಗ್ರೀ ಮೇಷ್ಟ್ರೇ, ನೀವು ತಿದ್ದಿದ್ದನ್ನ ನಾನು ಓದ್ತೀನಿ" ಎಂದು ಛೇಡಿಸಿದರು. ನನಗೆ ಬಹುವಚನ ಹಚ್ಚುವುದು ಅವರ ತಮಾಷೆ. ಆ ಊರಿನಲ್ಲಿ ಕಾಗದ ಬಂದರೆ, ನೋಟೀಸು ಬಂದರೆ, ಓದಿ ಹೇಳುತ್ತಿದ್ದವರು ಅವರೇ. ಹನುಮಂತನ ಗುಡಿಯ ಕಟ್ಟೆಯ ಮೇಲೆ ಜನ ಸುತ್ತ ಕೂರುತ್ತಿದ್ದರು, ಇವರು ನಿಂತುಕೊಂಡು ಗಟ್ಟಿಯಾಗಿ ಓದುತ್ತಿದ್ದರು. ಶನಿವಾರದ ಭಜನೆಯಲ್ಲೂ ಮುಂದಿನ ದನಿ ಅವರದೇ.

ಶಿಕಾರಿಪುರದಲ್ಲಿ ಕೆರೆಯ ಕಡೆಗೆ ಹೋಗುವ ಓಣಿಯಲ್ಲಿ ಒಂದು ಸಣ್ಣ ಪ್ರೆಸ್ಸು ಇತ್ತು. ಕಾಲಲ್ಲಿ ತುಳಿಯುವ ಒಂದು ಯಂತ್ರ, ಗೋಡೆಗೆ ಒರಗಿಸಿದ, ಸೀಸದ ಅಚ್ಚುಮೊಳೆಗಳ ಗೂಡು, ಮೊಳೆ ಜೋಡಿಸುವ ನಡುವಯಸ್ಸಿನ ಒಬ್ಬ ಮೌನಿ, ಮತ್ತು ಮಾಲೀಕರು. ನಾನು ಹೋಗಿ, ಬಂದ ಬರಹಗಳನ್ನು ತಿದ್ದಿಕೊಡುತ್ತೇನೆ, ನಿಮ್ಮ ಸಂಬಳದ ಆಳಾಗಿ ಅಲ್ಲ, ಕೆಲಸ ಬಂದಾಗ ಬಿಡಿಯಾಗಿ, ಅಂದೆ. ಮಾಲೀಕರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅಲ್ರೀ ಮೇಷ್ಟ್ರೇ, ಬರಿಯಾಂವ ಬರೀತಾನ, ಅಚ್ಚು ಹಾಕಾಂವ ಹಾಕ್ತಾನ. ನಡುವ ನೀವ್ಯಾರು?"

ಅದಕ್ಕೆ ಇವತ್ತಿಗೂ ಸರಿಯಾದ ಉತ್ತರ ಇದೆ ಎಂದು ಹೇಳಲಾರೆ. ಆದರೂ ಅಲ್ಲಿನ ಬೆಂಚಿನ ಮೇಲೆ ದಿನಾ ಹೋಗಿ ಕೂತೆ. ಕೂತು ಕೂತು ಬೆಂಚಿಗೂ ನನಗೂ ನಂಟಾಯಿತು. ಕೊನೆಗೆ ಅವರಿಗೇ ಪಾಪ ಅನ್ನಿಸಿ ಒಂದು ಲಗ್ನಪತ್ರಿಕೆ ಕೊಟ್ಟರು. ಅದನ್ನು ತಿದ್ದುವಾಗ ನನಗಾದ ಭಯ ಮದುಮಗನಿಗೂ ಆಗಿರಲಿಕ್ಕಿಲ್ಲ. ಮುಹೂರ್ತದ ಗಳಿಗೆ ತಪ್ಪಿ ಅಚ್ಚಾದರೆ? ಸೋದರಮಾವನ ಹೆಸರು ಬಿಟ್ಟುಹೋದರೆ? ಬೋರ್ಡಿನ ಮೇಲೆ ಬರೆದ ತಪ್ಪನ್ನು ಒರೆಸಬಹುದು. ಅಚ್ಚಾದದ್ದು ಮನೆಮನೆಗೆ ಹೋಗಿ ಕೂತುಬಿಡುತ್ತದೆ, ಅದರ ಹಿಂದೆ ಓಡುವುದಕ್ಕೆ ಆಗುವುದಿಲ್ಲ. ಪತ್ರಿಕೆ ಹಂಚಿ ಮದುವೆ ಮುಗಿಯುವವರೆಗೂ ನಾನು ಆ ಬೀದಿಯಲ್ಲಿ ತಲೆ ಎತ್ತಿ ನಡೆಯಲಿಲ್ಲ.

ಆಮೇಲೆ ಒಂದು ಸಹಕಾರ ಸಂಘದ ವರದಿ ಬಂತು. ಒಬ್ಬ ಗೌಡರು ತಮ್ಮ ತಂದೆಯ ಮೇಲೆ ಬರೆದ ಪದ್ಯಗಳು ಬಂದವು. ನಾನು ಹೊಡೆದೆ, ಕತ್ತರಿಸಿದೆ, ಕುಗ್ಗಿಸಿದೆ. ಮಾಲೀಕರಿಗೆ ಖುಷಿಯಾಯಿತು. ಯಾಕೆಂದರೆ ಅವರ ಪ್ರೆಸ್ಸಿನಲ್ಲಿ ಮೊಳೆಗಳ ಬರ. ಒಂದೇ ಅಕ್ಷರ ಒಂದು ಪುಟದಲ್ಲಿ ಹೆಚ್ಚು ಸಲ ಬಂದರೆ ಗೂಡು ಬರಿದಾಗುತ್ತಿತ್ತು, ಮೌನಿ ಎದ್ದು ನಿಂತು ಖಾಲಿ ಗೂಡನ್ನು ತೋರಿಸುತ್ತಿದ್ದ. ನಾನು ಬಂದ ಮೇಲೆ ಆ ತೊಂದರೆ ಕಡಿಮೆಯಾಯಿತು. "ಹಾಸಿಗಿ ಇದ್ದಷ್ಟು ಕಾಲು ಚಾಚಬೇಕ್ರೀ, ಮೊಳೆ ಇದ್ದಷ್ಟು ಬರೀಬೇಕು. ಇದು ನಮ್ಮ ಮೇಷ್ಟ್ರಿಗೆ ತಿಳೀತು" ಎಂದು ಬಂದವರ ಮುಂದೆ ಹೊಗಳತೊಡಗಿದರು. ಹೊಗಳಿಕೆಗೆ ನಾನು ಉಬ್ಬಿದೆ. ಹೆದರಿಕೆ ಸ್ವಲ್ಪ ಹಿಂದಕ್ಕೆ ಸರಿಯಿತು, ಅದೇ ತಪ್ಪಾಯಿತು.

ಆ ಹೊತ್ತಿಗೆ ಸೊರಬದ ಕಡೆ ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಮರದ ಕೆಳಗೆ ದೊಪ್ಪನೆ ಬಿದ್ದು ಸಾಯುತ್ತವಂತೆ. ಹಿಂದೆಯೇ ಹಳ್ಳಿಗಳಲ್ಲಿ ಜ್ವರ. ತಲೆ ಸಿಡಿತ, ಮೈಕೈ ನೋವು, ಬಾಯಿ ಮೂಗಿನಲ್ಲಿ ನೆತ್ತರು. ಹೊರಗಿನಿಂದ ಡಾಕ್ಟರುಗಳು ಜೀಪಿನಲ್ಲಿ ಬಂದು ಸೀಸೆಗಳಲ್ಲಿ ಏನೇನೋ ತುಂಬಿಕೊಂಡು ಹೋಗುತ್ತಿದ್ದರು. ಪ್ರೆಸ್ಸಿನ ಮುಂದಿನ ಚಹಾದ ಅಂಗಡಿಯಲ್ಲಿ ಕೂತವರು ದೇವರ ಶಾಪ ಅಂದರು, ಇನ್ನೊಬ್ಬರು ಗಾಳಿ ಅಂದರು. ಅಕ್ಕನ ಊರು ಅದೇ ಕಡೆ ಇದ್ದುದರಿಂದ ನಾನು ಸಿಕ್ಕಿದವರನ್ನೆಲ್ಲ ಅಲ್ಲಿಯ ಸುದ್ದಿ ಕೇಳುತ್ತಿದ್ದೆ.

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಒಬ್ಬ ಅಜ್ಜ ಪ್ರೆಸ್ಸಿಗೆ ಬಂದರು. ಹಳ್ಳಿ ಹಳ್ಳಿ ತಿರುಗಿ ಸಿಡುಬು ಬರದಂತೆ ಮಕ್ಕಳಿಗೆ ದಾಕು ಹಾಕುವ ಸರ್ಕಾರಿ ಕೆಲಸದಲ್ಲಿದ್ದು ನಿವೃತ್ತರಾದವರು. ಜೀಪಿನ ಡಾಕ್ಟರುಗಳಿಗೆ ಕಾಡಿನ ದಾರಿ ತೋರಿಸಿ, ಅವರು ಆಡುವ ಮಾತು ಕೇಳಿಸಿಕೊಂಡು, ಜನರಿಗೆ ತಿಳಿಸಬೇಕೆಂದು ತಾವಾಗಿಯೇ ಒಂದು ಬರಹ ಬರೆದುಕೊಂಡು ಬಂದಿದ್ದರು. ಕರಪತ್ರ ಮಾಡಿಸಿ ಕಾಡಂಚಿನ ಊರುಗಳಿಗೆ ಹಂಚಬೇಕೆಂಬ ಆಸೆ. ಶಾಲೆಯ ನೋಟುಬುಕ್ಕಿನ ಹಾಳೆಗಳಲ್ಲಿ ಹನ್ನೆರಡು ಪುಟ! ಮಾಲೀಕರು ಅದನ್ನು ತೂಗಿ ನೋಡುವವರಂತೆ ಕೈಯಲ್ಲಿ ಹಿಡಿದು, "ಅರ್ಧ ಹಾಳಿಗೆ ಇಳಸ್ರಿ" ಎಂದು ನನ್ನ ಮುಂದೆ ಹಾಕಿದರು.

ಆ ಬರಹ ನನಗೆ ಈಗಲೂ ಬಾಯಿಗೆ ಬರುತ್ತದೆ. ಹೀಗಿತ್ತು: "ದನ ಕಾಯುವ ಅಣ್ಣಗಳೇ, ಸತ್ತ ಮಂಗನ ಹತ್ತಿರ ಹೋಗಬೇಡಿ. ಸೌದೆ ತರುವ ತಾಯಂದಿರೇ, ನೀವೂ ಹೋಗಬೇಡಿ. ಕೈಯಲ್ಲಿ ಮುಟ್ಟುವುದಿಲ್ಲ, ಕೋಲಿನಲ್ಲಿ ತಳ್ಳುತ್ತೇವೆ ಅನ್ನುತ್ತೀರಿ, ಬೇಡ. ಹಗ್ಗ ಕಟ್ಟಿ ಎಳೆಯುತ್ತೇವೆ ಅನ್ನುತ್ತೀರಿ, ಅದೂ ಬೇಡ. ಹನುಮಂತನಲ್ಲವೇ, ಮಣ್ಣು ಮಾಡದೆ ಹೇಗೆ ಬಿಡುವುದು ಅನ್ನುತ್ತೀರಿ. ಹನುಮಂತ ದೊಡ್ಡವನು, ಕ್ಷಮಿಸುತ್ತಾನೆ, ದೂರ ನಿಂತು ಕೈ ಮುಗಿಯಿರಿ. ಮಂಗನ ಉಸಿರು ಹೋದ ಮೇಲೆ ಅದರ ಮೈಯಲ್ಲಿರುವ ಉಣುಗುಗಳು ಕೆಳಗಿಳಿದು ನೆಲದ ಮೇಲೆ ಹರಿಯುತ್ತವೆ. ನೆತ್ತರು ಹೀರಲು ಬೇರೆ ಮೈ ಹುಡುಕುತ್ತವೆ, ಜ್ವರ ತರುವುದು ಅವೇ. ಅಲ್ಲಿ ಕೂತು ಭಜನೆ ಮಾಡಿದರೆ ಭಜನೆ ಮಾಡುವವರಿಗೂ ಹತ್ತುತ್ತವೆ."

ಹೀಗೆಯೇ ಹನ್ನೆರಡು ಪುಟ. ಒಬ್ಬೊಬ್ಬರನ್ನೇ ಕರೆದು, ಅವರು ಕೊಡಬಹುದಾದ ನೆಪವನ್ನು ಇವರೇ ಹೇಳಿ, ಅದಕ್ಕೊಂದು "ಬೇಡ". ನಾನು ನಕ್ಕೆ. ಅಜ್ಜನ ಮುಂದೆಯೇ ನಕ್ಕೆ, ಹೌದು. ಕೆಂಪು ಶಾಯಿಯ ಪೆನ್ನು ತೆಗೆದು ಅಡ್ಡಡ್ಡ ಗೆರೆ ಎಳೆಯುತ್ತ ಹೋದೆ. ಕೊನೆಗೆ ಉಳಿದದ್ದು: "ಸತ್ತ ಮಂಗಗಳನ್ನು ಯಾರೂ ಮುಟ್ಟಬಾರದು. ಕಾಡಿನಿಂದ ಬಂದವರು ಬಿಸಿನೀರಿನಲ್ಲಿ ಸ್ನಾನ ಮಾಡಿ ಮೈಮೇಲೆ ಉಣುಗು ಇದ್ದರೆ ತೆಗೆಯಬೇಕು. ಜ್ವರ ಬಂದವರು ಕೂಡಲೇ ಆಸ್ಪತ್ರೆಗೆ ಹೋಗಬೇಕು." ಇನ್ನೂ ಅಂಥ ಒಂದೆರಡು ಸಾಲು. ಚೊಕ್ಕ!

ಅಜ್ಜ ಬಗ್ಗಿ ನೋಡಿದರು. "ಮೇಷ್ಟ್ರೇ, ಮಣ್ಣು ಮಾಡೋ ವಿಷಯ ಹೋಯ್ತಲ್ಲ?"

"ಮುಟ್ಟಬಾರದು ಅಂದ ಮೇಲೆ ಮಣ್ಣು ಮಾಡೋದೆಲ್ಲಿ ಬಂತು? ಅದರಲ್ಲೇ ಬಂತಲ್ಲ ಎಲ್ಲ."

"ಬರಲ್ಲ ಮೇಷ್ಟ್ರೇ. ನಾನು ಊರೂರು ತಿರುಗಿದವ. 'ಯಾರೂ' ಅಂತ ಬರೆದ್ರೆ ಪ್ರತಿಯೊಬ್ಬನೂ ಪಕ್ಕದವನನ್ನ ನೋಡ್ತಾನೆ. ಅವನವನನ್ನೇ ಕರೆದು ಹೇಳ್ಬೇಕು. ದಾಕು ಹಾಕೋವಾಗ ನಾನು ಹಂಗೇ ಹೇಳ್ತಿದ್ದೆ."

"ಬಾಯಿಮಾತು ಬೇರೆ, ಅಚ್ಚಿನ ಭಾಷೆ ಬೇರೆ ಅಜ್ಜ. ಇದು ನನ್ನ ಕೆಲಸ, ನನಗೆ ಬಿಡಿ" ಅಂದೆ. ದನಿ ಏರಿಸಿಯೇ ಅಂದೆ. ಮೌನಿ ಕೂಡ ಮೊಳೆ ಬಿಟ್ಟು ನನ್ನ ಕಡೆ ನೋಡಿದ. ಅಜ್ಜ "ನೀವು ಓದಿದವರು" ಎಂದು ಟೋಪಿ ಸರಿಮಾಡಿಕೊಂಡು ಕೂತರು. ಮೊಳೆ ಸಾಲುತ್ತಿರಲಿಲ್ಲ, ಹಾಳೆ ಸಾಲುತ್ತಿರಲಿಲ್ಲ ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸುಳ್ಳು. ಹಾಳೆಯ ಹಿಂದಿನ ಮಗ್ಗುಲು ಖಾಲಿಯೇ ಇತ್ತು, ಮೌನಿ ಗೂಡಿನ ಕಡೆ ಕೈ ತೋರಿಸಿರಲೂ ಇಲ್ಲ.

ಕರಪತ್ರ ಅಚ್ಚಾಯಿತು. ಅಜ್ಜನ ಕೈಬರಹದ ಹಾಳೆಗಳು ನನ್ನ ಚೀಲದಲ್ಲೇ ಉಳಿದವು. ಸೊರಬದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಂದು ಕಟ್ಟನ್ನು ಭಾವನಿಗೂ ಕಳಿಸಿದೆ. ಜೊತೆಗೊಂದು ಚೀಟಿ: ಇದು ಪೂರ್ತಿ ನಾನು ತಿದ್ದಿದ್ದು, ಊರಿನವರಿಗೆಲ್ಲ ಓದಿ ಹೇಳಿ.

ಅವರು ಓದಿ ಹೇಳಿದರು.

ಮೂರು ವಾರ ಕಳೆದಿರಬೇಕು. ಕುಪ್ಪಗಡ್ಡೆಯ ಒಬ್ಬರು ಮಗಳ ಲಗ್ನಪತ್ರಿಕೆ ಮಾಡಿಸಲು ಪ್ರೆಸ್ಸಿಗೆ ಬಂದರು. ಭಾವನಿಗೆ ಪರಿಚಯದವರು. ನನ್ನನ್ನು ಕಂಡು ಸಂತೋಷದಿಂದಲೇ ಹೇಳಿದರು:

"ನಿಮ್ಮ ಭಾವನೋರು ಮೊನ್ನೆ ಎಷ್ಟು ಚೆಂದ ಮಾಡಿದ್ರು ಮಾರಾಯ್ರೇ! ಗುಡಿ ಹಿಂದೇನೇ ಒಂದು ಮಂಗ ಬಿದ್ದು ಸತ್ತಿತ್ತು. ಹನುಮಂತ ಬಾಗಿಲಿಗೆ ಬಂದು ಪ್ರಾಣ ಬಿಟ್ಟ ಮೇಲೆ ಹಂಗೇ ಬಿಡೋಕಾಗ್ತದಾ? ಆದ್ರೂ ನಿಮ್ಮ ಕಾಗದದ ಮಾತು ಮೀರ್ಲಿಲ್ಲ. ಯಾರೂ ಕೈಯಲ್ಲಿ ಮುಟ್ಲಿಲ್ಲ. ಬಿದಿರಿನ ಗಳದಲ್ಲಿ ಗೋಣಿ ಮೇಲೆ ಉರುಳಿಸಿ, ಹಗ್ಗ ಕಟ್ಟಿ ಎಳ್ಕಂಡು ಹೋದ್ರು. ಕುಂಕುಮ, ಹೂವು ಎಲ್ಲ ದೂರದಿಂದ್ಲೇ ಹಾಕಿದ್ರು. ಪಕ್ಕದಲ್ಲಿ ಕೂತು ಭಜನೆ ಮಾಡಿ ಮಣ್ಣು ಮಾಡಿದ್ರು."

ಕೋಲು, ಹಗ್ಗ, ಭಜನೆ. ನಾನು ಹೊಡೆದುಹಾಕಿದ ಸಾಲುಗಳೇ ಒಂದೊಂದಾಗಿ ಎದುರಿಗೆ ನಿಂತವು. ಅಷ್ಟೂ ಜನ ಒಂದು ಸಾಲನ್ನೂ ಬಿಡದೆ ಮಾಡಿದ್ದರು, ನಾನು ತೆಗೆದ ಕ್ರಮದಲ್ಲೇ ಮಾಡಿದ್ದರು. ಕೈಯಲ್ಲಿದ್ದ ಪ್ರೂಫು ಕೆಳಗೆ ಬಿತ್ತು. ಯಾವತ್ತು ಅಂತ ಕೇಳಿದೆ. ಶನಿವಾರ ಅಂದರು. ಅವತ್ತು ಮಂಗಳವಾರ. ಮಾಲೀಕರು "ಯಾಕ್ರೀ, ಮುಖ ಹಂಗ್ಯಾಕಾತು" ಎಂದು ಕೂಗುತ್ತಿದ್ದ ಹಾಗೇ ಚೀಲ ಹಿಡಿದು ಬಸ್ಸಿಗೆ ಓಡಿದೆ.

ಶಿರಾಳಕೊಪ್ಪ ದಾಟಿ ಸೊರಬಕ್ಕೆ ಬಸ್ಸು, ಅಲ್ಲಿಂದ ಸಿಕ್ಕಿದ ಗಾಡಿ, ಆಮೇಲೆ ನಡಿಗೆ. ದಾರಿಯುದ್ದಕ್ಕೂ ಒಂದೇ ಹರಕೆ: ದೇವರೇ, ಭಾವನಿಗೆ ಏನೂ ಆಗದಿರಲಿ. ನನ್ನ ಕೈ ಬೇಕಾದರೆ ಬಿದ್ದುಹೋಗಲಿ, ಇನ್ನು ಪೆನ್ನು ಹಿಡಿಯುವುದಿಲ್ಲ. ಊರ ಬಾಗಿಲಿಗೆ ಬಂದಾಗ ಭಾವ ಗದ್ದೆಯ ಬದುವಿನ ಮೇಲೆ ನಿಂತು ಯಾರಿಗೋ ಜೋರಾಗಿ ಬೈಯುತ್ತಿದ್ದರು. ಆ ಬೈಗುಳ ಕೇಳಿ ನನಗೆ ಅಳುವೇ ಬಂತು. ಇಷ್ಟು ಗಟ್ಟಿ ದನಿಯ ಮನುಷ್ಯನಿಗೆ ಏನಾಗುತ್ತದೆ, ನನ್ನ ತಲೆ! ಎಂದುಕೊಂಡೆ.

ಊಟಕ್ಕೆ ಕೂತಾಗ ಭಾವನೇ ಎಲ್ಲ ವಿವರಿಸಿದರು. "ನಿಮ್ಮ ಕಾಗದ ಮೂರು ದಿನ ಓದ್ದೆ ಮೇಷ್ಟ್ರೇ. ಎಲ್ಲರಿಗೂ ಬಾಯಿಪಾಠ ಆಗಿದೆ. ಎಷ್ಟು ಸಣ್ಣಕೆ ಬರ್ದಿದೀರಿ! ಮಂಗ ಬಿದ್ದಾಗ ನಾನೇ ಹೇಳ್ದೆ, ಮುಟ್ಟೋದು ಮಾತ್ರ ಬೇಡ, ಗಳ ತನ್ನಿ ಅಂತ." ಮಾತಾಡುತ್ತಲೇ ಪಂಚೆ ಸರಿಸಿ ಮಂಡಿಯ ಹಿಂಭಾಗ ಕೆರೆದುಕೊಂಡರು. ಅಲ್ಲೊಂದು ಕೆಂಪು ಗುಳ್ಳೆ.

"ಅದೆಂತ ಭಾವ?"

"ಉಣುಗು ಮಾರಾಯ. ಭಜನೆಗೆ ಕೂತಾಗ ಹತ್ತಿರ್ಬೇಕು. ಕಿತ್ತು ಬಿಸಾಕ್ದೆ. ದನ ಕಟ್ಟೋ ಮನೇಲಿ ಉಣುಗು ಹೊಸತಾ?"

ಅನ್ನ ಕಲಸಿದ ಕೈ ಹಾಗೇ ನಿಂತಿತು. ಆಗ ಹೇಳಿಬಿಡಬೇಕಿತ್ತು. ಆ ಬರಹದಲ್ಲಿ ಹೀಗಿತ್ತು ಭಾವ, ನಾನು ತೆಗೆದೆ, ಈಗಲೇ ಡಾಕ್ಟರ ಹತ್ತಿರ ಹೋಗೋಣ, ಅನ್ನಬೇಕಿತ್ತು. ಚೀಲ ಅಲ್ಲೇ ಗೂಟದಲ್ಲಿ ತೂಗುತ್ತಿತ್ತು, ಅಜ್ಜನ ಹಾಳೆಗಳು ಅದರಲ್ಲೇ ಇದ್ದವು. ಅವರ ಮುಖದಲ್ಲಿ ನನ್ನ ಬಗ್ಗೆ ಇದ್ದ ಹೆಮ್ಮೆ ನೋಡಿ ಬಾಯಿ ಕಟ್ಟಿತು. "ಒಂದು ಸಲ ಆಸ್ಪತ್ರೆಗೆ ತೋರಿಸೋಣ" ಎಂದಷ್ಟೇ ಅಂದೆ. ಅವರು ನಕ್ಕರು. "ಉಣುಗಿಗೆ ಆಸ್ಪತ್ರೆಗೆ ಹೋದ್ರೆ ಊರಲ್ಲಿ ಯಾರೂ ಮನೇಲಿರಂಗಿಲ್ಲ."

ನಾನು ಅಲ್ಲೇ ಉಳಿದೆ. ಪ್ರೆಸ್ಸಿನ ಕೆಲಸ ಕಡಿಮೆಯಿದೆ ಎಂದು ಅಕ್ಕನಿಗೆ ಸುಳ್ಳು ಹೇಳಿದೆ. ದಿನಾ ಬೆಳಗ್ಗೆ ಭಾವ ಎದ್ದು ಕೆಮ್ಮಿದರೆ ನಾನು ಹಾಸಿಗೆ ಬಿಟ್ಟು ಓಡಿಬರುತ್ತಿದ್ದೆ. ಅವರು ಬಿಸಿಲಿನಿಂದ ಬಂದು ಹಣೆ ಒರೆಸಿಕೊಂಡರೆ ಜ್ವರದ ಬೆವರೋ ಎಂದು ನೋಡುತ್ತಿದ್ದೆ. ಏನೋ ಕೊಡುವ ನೆಪದಲ್ಲಿ ಕೈ ಮುಟ್ಟಿ ಬಿಸಿ ಇದೆಯೇ ಎಂದು ಪರೀಕ್ಷಿಸುತ್ತಿದ್ದೆ. "ಎಂತದೋ ಇದು, ಹೊಸ ಮದುಮಗಳು ಹಿಂದೆ ಹಿಂದೆ ಸುತ್ತಿದ ಹಂಗೆ" ಎಂದು ಅಕ್ಕ ನಗುತ್ತಿದ್ದಳು. ಶುಕ್ರವಾರ ಕಳೆಯಿತು. ಶನಿವಾರ ಕಳೆಯಿತು. ಭಾನುವಾರ ಮಧ್ಯಾಹ್ನ ಭಾವ ಗದ್ದೆಯಿಂದ ಬೇಗ ಬಂದು, ತಲೆ ಸಿಡಿಯುತ್ತಿದೆ, ಚಳಿಯಾಗುತ್ತಿದೆ ಎಂದು ಕಂಬಳಿ ಹೊದ್ದರು.

ಗಾಡಿ ಕಟ್ಟಿಸಿ ಸೊರಬದ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ಒಳ್ಳೆಯವರು, ಕೈಲಾದದ್ದೆಲ್ಲ ಮಾಡಿದರು. ಆದರೆ ಈ ಜ್ವರಕ್ಕೆ ಇದೇ ಮದ್ದು ಎಂದು ಯಾರಿಗೂ ಗೊತ್ತಿರಲಿಲ್ಲ. ಭಾವನ ಕಣ್ಣು ಕೆಂಡವಾಗಿತ್ತು. ಬೆನ್ನು ಮುರಿದ ಹಾಗಾಗುತ್ತದೆ ಎಂದು ನರಳುತ್ತಿದ್ದರು. ನಾನು ಮಂಚದ ಕಾಲಬಳಿ ಕೂತು ಎಣಿಸಿದ್ದು ಒಂದೇ: ಇವರು ಎದ್ದರೆ ಹೇಳುತ್ತೇನೆ. ಎದ್ದ ದಿನವೇ ಹೇಳುತ್ತೇನೆ. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ.

ಹತ್ತು ದಿನಕ್ಕೆ ಜ್ವರ ಬಿಟ್ಟಿತು! ಗಂಜಿ ಕುಡಿದರು, ಉಪ್ಪಿನಕಾಯಿ ಕೇಳಿದರು. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ, ಆದರೆ ಎಚ್ಚರ, ಕೆಲವರಿಗೆ ಮತ್ತೆ ಬರುತ್ತದೆ ಅಂದರು. ಅಕ್ಕ ಹನುಮಂತನಿಗೆ ತುಪ್ಪದ ದೀಪ ಹಚ್ಚಿದಳು. ಭಾವ ಜಗಲಿಯಲ್ಲಿ ಗೋಡೆಗೆ ಒರಗಿ ಕೂತು, "ಏನ್ರೀ ಮೇಷ್ಟ್ರೇ, ಪ್ರೆಸ್ಸಿನೋರು ನಿಮ್ಮನ್ನ ತಿದ್ದಿ ಹೊರಗೆ ಹಾಕಿದ್ರಾ? ಹೋಗ್ರೀ ಕೆಲಸಕ್ಕೆ" ಅಂದರು. ದನಿ ಮೊದಲಿನದಲ್ಲ, ಆದರೆ ತಮಾಷೆ ಮೊದಲಿನದೇ. ಹೇಳಬೇಕೆಂದುಕೊಂಡಿದ್ದ ದಿನ ಅದೇ. ಹೇಳಲಿಲ್ಲ. ಇನ್ನೂ ನಿತ್ರಾಣ, ಸ್ವಲ್ಪ ಗಟ್ಟಿಯಾಗಲಿ, ಮುಂದಿನ ಸಲ ಬಂದಾಗ ಹೇಳಿದರಾಯಿತು ಎಂದುಕೊಂಡೆ. ಹೇಡಿಗೆ ನೆಪಕ್ಕೆ ಬರವೇ? ನಾನು ಶಿಕಾರಿಪುರಕ್ಕೆ ಹೊರಟೆ.

ಪ್ರೆಸ್ಸಿನಲ್ಲಿ ಬೆಂಚಿನ ಮೇಲೆ ದಾಕಿನ ಅಜ್ಜ ಕೂತಿದ್ದರು. ಅವರನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟೆ. ಆಚೆ ಸುದ್ದಿಯೆಲ್ಲ ಅವರಿಗೆ ಗೊತ್ತಾಗಿತ್ತು. "ನಾನು ಹೇಳಿರ್ಲಿಲ್ವಾ" ಅಂತ ಅವರು ಒಂದು ಮಾತು ಅಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅನ್ನಲಿಲ್ಲ.

"ಭಾವನೋರು ಹೇಗಿದಾರೆ?"

"ಎದ್ದಿದಾರೆ ಅಜ್ಜ."

"ಎರಡನೇ ಸಲ ಬರದೇ ಇರ್ಲಿ" ಅಂದರು. ಆಮೇಲೆ, "ಇನ್ನೊಂದ್ಸಲ ಅಚ್ಚು ಹಾಕಿಸಬೇಕು ಮೇಷ್ಟ್ರೇ. ಮುಂಚಿನ ಬರಹಾನೇ" ಎಂದು ಕೇಳಿದರು. ನನ್ನನ್ನು ಬೈಯದೆ, ನನ್ನ ಅಪ್ಪಣೆ ಕೇಳುವವರ ಹಾಗೆ ಕೇಳಿದರು. ಅವರೆದುರು ನನಗೆ ಅಳು ಬಂತು. ಮಾಲೀಕರು ಏನೂ ತಿಳಿಯದೆ ಚಹಾ ತರಿಸಿದರು.

ಆ ಹನ್ನೆರಡು ಪುಟವನ್ನು ನಾನೇ ಹೊಸ ಹಾಳೆಗಳಲ್ಲಿ ಬರೆದು ಕೊಟ್ಟೆ. ಒಂದು "ಬೇಡ"ವನ್ನೂ ಬಿಡಲಿಲ್ಲ. ಮೌನಿ ಮೊಳೆ ಮುಗಿದಾಗ ಒಂದು ಪುಟ ಅಚ್ಚು ಮಾಡಿ, ಬಿಚ್ಚಿ, ಮುಂದಿನ ಪುಟ ಜೋಡಿಸಿದ. ಮಾಲೀಕರು ಗೊಣಗಿದರು, "ಕೋತಿ ತಾನು ಕೆಡೋದಲ್ದ ವನ ಎಲ್ಲಾ ಕೆಡಿಸ್ತಂತ, ನನ್ನ ಪ್ರೆಸ್ಸೂ ಕೆಡಸ್ತು." ಹೀಗೆ ನಾಲ್ಕನೆಯ ಪುಟದ ಪ್ರೂಫು ನೋಡುತ್ತಿದ್ದಾಗ ಅಕ್ಕನ ಊರಿನ ಒಬ್ಬರು ಬಂದು ಬಾಗಿಲಲ್ಲಿ ನಿಂತರು. ಭಾವನಿಗೆ ಜ್ವರ ಮರಳಿದೆ, ಮೈ ನಡುಗುತ್ತಿದೆ, ಗುರುತು ಹಿಡಿಯುತ್ತಿಲ್ಲ, ಕೂಡಲೇ ಬರಬೇಕಂತೆ.

ನಾನು ಊರು ಮುಟ್ಟುವ ಹೊತ್ತಿಗೆ ಜಗಲಿಯಲ್ಲಿ ಜನ ಸೇರಿದ್ದರು. ಅಕ್ಕ ನನ್ನನ್ನು ಕಂಡು, "ನಿನ್ನ ಕೇಳ್ತಿದ್ರು ಕಣೋ, ಮೇಷ್ಟ್ರು ಬಂದ್ರಾ ಅಂತ" ಎಂದು ಕುಸಿದಳು. ಗುರುತು ಹಿಡಿಯದವರು ನನ್ನನ್ನು ಮಾತ್ರ ಕೇಳಿದ್ದರು. ಒಳಗೆ ಹೋಗಿ ಅವರ ಪಾದ ಹಿಡಿದೆ. ಆಗಲೇ ತಣ್ಣಗಾಗಿತ್ತು.

ತಿಥಿಯ ಕೆಲಸವೆಲ್ಲ ಮುಗಿದ ಮೇಲೆ ನೆಂಟರು ಹೊರಟರು. ಮನೆಯಲ್ಲಿ ನಾವಿಬ್ಬರೇ. ಆ ದಿನಗಳಲ್ಲಿ ನನಗೆ ಇದ್ದ ಹೆದರಿಕೆಯನ್ನು ಹೇಗೆ ಹೇಳಲಿ? ಅಕ್ಕ ಬಂದವರ ಮುಂದೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ತಮ್ಮ ಬರೆದ ಹಂಗೇ ನಡ್ಕಂಡ್ರು. ಕೈಯಲ್ಲಿ ಮುಟ್ಲಿಲ್ಲ. ನಮ್ಮ ಹಣೆಬರಹ, ಯಾರೇನು ಮಾಡೋಕಾಗ್ತದೆ." ಅವಳು ನನ್ನನ್ನು ಕಾಪಾಡುತ್ತಿದ್ದಳು. ನನ್ನನ್ನು ಸಾಕಿದವಳು ಗಂಡನನ್ನು ಕಳೆದುಕೊಂಡು ಕೂತೂ ನನ್ನನ್ನೇ ಕಾಪಾಡುತ್ತಿದ್ದಳು. ನಿಜ ತಿಳಿದರೆ ಇವಳು ನನ್ನ ಮುಖ ನೋಡುತ್ತಾಳೆಯೇ? ಭೂಮಿಯ ಮೇಲೆ ನನಗೆ ಇದ್ದವಳು ಇವಳೊಬ್ಬಳೇ. ಹೇಳಿದರೆ ಇವಳೂ ಹೋದಳು. ಹೇಳದಿದ್ದರೆ ಸಾಯುವತನಕ ಇವಳ ಮುಂದೆ ಕಳ್ಳ.

ಒಂದು ಮಧ್ಯಾಹ್ನ ಅವಳು ಜಗಲಿಯಲ್ಲಿ ಹುರುಳಿ ಕೇರುತ್ತಿದ್ದಳು. ಬಾಗಿಲ ಪಕ್ಕದ ಗೋಡೆಯ ಮೇಲೆ ಭಾವ ಗಂಜಿ ಹಚ್ಚಿ ಅಂಟಿಸಿದ ಕರಪತ್ರ ಇತ್ತು. ಅಕ್ಕನಿಗೆ ಓದು ಬಾರದು.

"ತಮ್ಮಾ, ಅದನ್ನೊಂದ್ಸಲ ಓದೋ. ಅವರ ಬಾಯಲ್ಲಿ ಕೇಳಿದ್ದೆ. ಇನ್ನೊಂದ್ಸಲ ಕೇಳ್ಬೇಕು ಅನ್ನಿಸ್ತದೆ."

ನಾನು ಎದ್ದು ಗೋಡೆಯ ಹತ್ತಿರ ಹೋದೆ. ಮೊದಲ ಸಾಲು ನೋಡಿದೆ. ವಾಪಸು ಬಂದು ಗೂಟದ ಚೀಲದಿಂದ ಅಜ್ಜನ ಹಾಳೆಗಳನ್ನು ತೆಗೆದು ಅವಳ ಎದುರಿಗೆ ಕೂತೆ. ಕೆಂಪು ಗೆರೆಗಳ ಅಡಿಯಿಂದ ಅಕ್ಷರ ಹೆಕ್ಕಿ ಓದತೊಡಗಿದೆ. ದನ ಕಾಯುವ ಅಣ್ಣಗಳೇ, ಎಂದೆ. ಸೌದೆ ತರುವ ತಾಯಂದಿರೇ, ಎಂದೆ. ಕೋಲಿನಲ್ಲಿ ತಳ್ಳುತ್ತೇವೆ ಅನ್ನುತ್ತೀರಿ, ಬೇಡ. ಮೊರ ಆಡುವುದು ನಿಂತಿತು. ಹಗ್ಗ ಕಟ್ಟಿ ಎಳೆಯುತ್ತೇವೆ ಅನ್ನುತ್ತೀರಿ, ಅದೂ ಬೇಡ. ಭಜನೆಯ ಸಾಲನ್ನೂ ಬಿಡದೆ ಓದಿದೆ.

ಅಕ್ಕ ಮೊರ ಮಡಿಲಿಗೆ ಇಳಿಸಿ, "ಇದು ಅವರು ಓದ್ಲಿಲ್ಲ" ಅಂದಳು. "ಅವರು ಓದಿದ್ದು ನಂಗೆ ಬಾಯಿಗೆ ಬರ್ತದೆ. ಅದರಲ್ಲಿ ಇದು ಇರ್ಲಿಲ್ಲ."

"ಇಲ್ಲಿತ್ತು ಅಕ್ಕ. ನಾನು ಹೊಡೆದುಹಾಕಿದೆ."

"ಎಂತಕ್ಕೆ?"

ಎಷ್ಟೋ ಉತ್ತರ ಕಟ್ಟಿಟ್ಟುಕೊಂಡಿದ್ದೆ. ಮೊಳೆ, ಹಾಳೆ, ಮಾಲೀಕರು. ಅವಳ ಕಣ್ಣೆದುರು ಒಂದೂ ಬಾಯಿಗೆ ಬರಲಿಲ್ಲ.

"ಉದ್ದ ಆಗಿತ್ತು" ಅಂದೆ.

ಅವಳು ಹುರುಳಿಯಲ್ಲಿ ಸಿಕ್ಕ ಒಂದು ಕಲ್ಲನ್ನು ಹೆಕ್ಕಿ ಅಂಗಳಕ್ಕೆ ಎಸೆದಳು.

"ಅವರಿಗೆ ಓದೋಕೆ ಬೇಜಾರಿರ್ಲಿಲ್ಲ ಕಣೋ" ಅಂದಳು. "ಎಷ್ಟು ಉದ್ದ ಇದ್ದಿದ್ರೂ ಓದ್ತಿದ್ರು."